ಆಗಸ್ಟ್ 1: ರಾಕ್ ಸಂಗೀತದ ಚರಿತ್ರೆಯಲ್ಲಿ ಈ ತಾರೀಖಿನ ತೂಕ ಎಷ್ಟು?

ತಂತಿನಾದ (ಚರ್ಚೆಯನ್ನು ಆರಂಭಿಸಿದವರು)

ರಾಕ್ ಸಂಗೀತದ ಚರಿತ್ರೆಯನ್ನು ತಾರೀಖುಗಳ ಲೆಕ್ಕದಲ್ಲಿ ನೆನೆಯುವಾಗ ನಾವು ಹೆಚ್ಚಾಗಿ ಸಾವಿನ ದಿನಗಳನ್ನೇ ಎತ್ತಿಕೊಳ್ಳುತ್ತೇವೆ. ಬಡ್ಡಿ ಹಾಲಿಯವರಿದ್ದ ವಿಮಾನ ಬಿದ್ದ 1959ರ ಫೆಬ್ರವರಿ 3 ಮತ್ತು ಜಾನ್ ಲೆನನ್ ಅವರ ಹತ್ಯೆಯಾದ 1980ರ ಡಿಸೆಂಬರ್ 8 ಎಲ್ಲರಿಗೂ ಗೊತ್ತಿರುವ ದಿನಗಳು. ಈ ಚರ್ಚೆಗೆ ನಾನು ಆಯ್ದುಕೊಂಡಿರುವುದು ಆಗಸ್ಟ್ 1. ಆ ದಿನ 1971ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಹ್ಯಾರಿಸನ್ ಮತ್ತು ಪಂಡಿತ್ ರವಿಶಂಕರ್ ಸೇರಿ ಬಾಂಗ್ಲಾದೇಶದ ಸಂತ್ರಸ್ತರಿಗಾಗಿ ಕಛೇರಿ ನಡೆಸಿದರು. ಸರಿಯಾಗಿ ಹತ್ತು ವರ್ಷಗಳ ಬಳಿಕ, 1981ರ ಅದೇ ತಾರೀಖಿನಂದು, ಅಮೆರಿಕದಲ್ಲಿ ಹಾಡುಗಳ ವಿಡಿಯೊಗಳಿಗೆಂದೇ ಹುಟ್ಟಿದ ಎಂಟಿವಿ ವಾಹಿನಿ ಪ್ರಸಾರ ಆರಂಭಿಸಿತು. ಪತ್ರಿಕೆಗಳ 'ಚರಿತ್ರೆಯಲ್ಲಿ ಈ ದಿನ' ಅಂಕಣಗಳಲ್ಲಿ ಎಂಟಿವಿಗೆ ದೊರೆಯುವ ಜಾಗ ದೊಡ್ಡದು. ಆದರೆ 1971ರ ಘಟನೆಯೇ ಹೆಚ್ಚು ತೂಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದಕ್ಕೆ ಕಾರಣಗಳನ್ನು ಕೊಡುತ್ತೇನೆ.

ಹಿನ್ನೆಲೆಯನ್ನು ಮೊದಲು ಹೇಳಬೇಕು. 1970ರ ನವೆಂಬರ್ 12ರಂದು ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಲಕ್ಷಾಂತರ ಜನ ಸತ್ತರು. ಆ ಗಾಯ ಮಾಯುವ ಮುನ್ನವೇ 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆಯ ದಮನ ಆರಂಭವಾಯಿತು. ಆ ವರ್ಷ ಮುಗಿಯುವ ಹೊತ್ತಿಗೆ ಗಡಿ ದಾಟಿ ಭಾರತಕ್ಕೆ ಬಂದವರ ಸಂಖ್ಯೆ ಸುಮಾರು ಒಂದು ಕೋಟಿಯಾಗಿತ್ತು. ರವಿಶಂಕರ್ ವಾರಾಣಸಿಯಲ್ಲಿ ಹುಟ್ಟಿದ ಬಂಗಾಳಿಗಳು, ಅವರ ಪೂರ್ವಿಕರ ನೆಲ ಜೆಸ್ಸೋರ್ ಪ್ರಾಂತ್ಯದ್ದು. ಅವರ ಗುರು ಅಲ್ಲಾವುದ್ದೀನ್ ಖಾನರು ಹುಟ್ಟಿದ್ದೂ ಆ ನಾಡಿನಲ್ಲಿಯೇ. ಹೀಗಾಗಿ ಆ ಸುದ್ದಿಗಳು ಅವರಿಗೆ ದೂರದ ದೇಶದ ಸುದ್ದಿಗಳಾಗಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿಸನ್ ಅವರ ಜೊತೆ ಕೆಲಸ ಮಾಡುತ್ತಿದ್ದಾಗ ಅವರು ತಮ್ಮ ಸಂಕಟವನ್ನು ಹೇಳಿಕೊಂಡರು. ಅವರ ಮನಸ್ಸಿನಲ್ಲಿದ್ದದ್ದು ಒಂದು ಕಛೇರಿ ಮಾಡಿ ಸುಮಾರು 25,000 ಡಾಲರ್ ಕೂಡಿಸುವುದಷ್ಟೆ. ಹ್ಯಾರಿಸನ್ ಅದನ್ನು ತಮ್ಮ ಕೆಲಸವೆಂದೇ ಭಾವಿಸಿ ಫೋನು ಹಿಡಿದು ಕುಳಿತರು, ಕೆಲವೇ ವಾರಗಳಲ್ಲಿ ಎಲ್ಲವನ್ನೂ ಕೂಡಿಸಿದರು.

ಹ್ಯಾರಿಸನ್ ಆಗ ಎಂಥ ಸ್ಥಿತಿಯಲ್ಲಿದ್ದರು ಎಂಬುದನ್ನು ಮರೆಯಬಾರದು. ಬೀಟಲ್ಸ್ ತಂಡ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿದ ಮೇಲೆ ಪ್ರವಾಸದ ಕಛೇರಿಗಳನ್ನೇ ನಿಲ್ಲಿಸಿತ್ತು. 1970ರಲ್ಲಿ ತಂಡ ಒಡೆದಿತ್ತು, ಸದಸ್ಯರ ನಡುವೆ ನ್ಯಾಯಾಲಯದ ವ್ಯಾಜ್ಯ ನಡೆಯುತ್ತಿತ್ತು. ಸದಾ ಇಬ್ಬರು ಹಿರಿಯ ಗೀತರಚನೆಕಾರರ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಿದ ಮನುಷ್ಯ, ಮಧ್ಯಾಹ್ನ 2.30ಕ್ಕೆ ಒಮ್ಮೆ, ರಾತ್ರಿ 8ಕ್ಕೆ ಇನ್ನೊಮ್ಮೆ, ಒಟ್ಟು ಸುಮಾರು 40,000 ಜನರ ಎದುರು ಇಡೀ ಸಭೆಯ ಯಜಮಾನನಾಗಿ ನಿಲ್ಲಬೇಕಾಗಿತ್ತು. ಜೊತೆಗೆ ರಿಂಗೊ ಸ್ಟಾರ್, ಎರಿಕ್ ಕ್ಲಾಪ್ಟನ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್, ಕ್ಲೌಸ್ ಫೋರ್ಮನ್, ಜಿಮ್ ಕೆಲ್ಟ್ನರ್, ಬ್ಯಾಡ್‌ಫಿಂಗರ್ ತಂಡದವರು ಇದ್ದರು. ಕ್ಲಾಪ್ಟನ್ ಆಗ ಹೆರಾಯಿನ್ ವ್ಯಸನದಲ್ಲಿ ನಲುಗಿದ್ದರು. ಅವರು ಬರುವರೋ ಇಲ್ಲವೋ ಎಂಬ ಅನುಮಾನದಿಂದ ಜೆಸ್ಸಿ ಎಡ್ ಡೇವಿಸ್ ಅವರನ್ನು ಸಿದ್ಧವಾಗಿ ಇರಿಸಿಕೊಳ್ಳಲಾಗಿತ್ತು. ಬಾಬ್ ಡಿಲನ್ 1966ರ ಮೋಟರ್‌ಸೈಕಲ್ ಅಪಘಾತದ ಬಳಿಕ ವೇದಿಕೆಗೆ ಬರುವುದನ್ನೇ ಬಹುತೇಕ ಬಿಟ್ಟಿದ್ದರು. ಹ್ಯಾರಿಸನ್ ತಮ್ಮ ಗಿಟಾರಿಗೆ ಅಂಟಿಸಿಕೊಂಡಿದ್ದ ಹಾಡುಗಳ ಪಟ್ಟಿಯಲ್ಲಿ ಒಂದು ಕಡೆ 'ಬಾಬ್' ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಸಾಲಿನವರೆಗೆ ಬಂದು ತಿರುಗಿ ನೋಡಿದಾಗ ಡಿಲನ್ ಗಿಟಾರ್ ಮತ್ತು ಹಾರ್ಮೋನಿಕ ಹಿಡಿದು ಬರುತ್ತಿದ್ದರು.

ಆದರೆ ನನ್ನ ವಾದದ ಜೀವ ಇರುವುದು ಡಿಲನ್ ಬಂದದ್ದರಲ್ಲಿ ಅಲ್ಲ. ಆ ಸಭೆ ಆರಂಭವಾದದ್ದು ಹಿಂದೂಸ್ತಾನಿ ಸಂಗೀತದಿಂದ. ರವಿಶಂಕರ್ ಅವರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರ ಮೊದಲು ಕೇಳಿದವು, ಗಿಟಾರುಗಳು ಆಮೇಲೆ ಬಂದವು. ಕಲಾವಿದರು ಶ್ರುತಿ ಮಾಡಿಕೊಂಡು ನಿಲ್ಲಿಸಿದಾಗ ಜನ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿಕೊಂಡದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದ ಮಾತನ್ನು ರವಿಶಂಕರ್ ಸೌಮ್ಯವಾಗಿ ಹೇಳಿದರು. ಈ ಪ್ರಸಂಗವನ್ನು ಪಾಶ್ಚಾತ್ಯ ಕೇಳುಗರ ಅಜ್ಞಾನದ ಉದಾಹರಣೆಯಾಗಿ ಹೇಳಿ ನಗುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಗೊತ್ತಿಲ್ಲದ ಸಂಗೀತವನ್ನು ಗೌರವದಿಂದ ಕೇಳಬೇಕೆಂದು ನಿರ್ಧರಿಸಿ ಬಂದಿದ್ದ ಜನ ಅವರು. ಡಿಲನ್‌ಗಾಗಿ, ಬೀಟಲ್ಸ್‌ಗಾಗಿ ಟಿಕೆಟ್ ಕೊಂಡವರು ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ಧುನ್ (ಜನಪದ ಮಟ್ಟಿನ ಲಘು ರಚನೆ) ಒಂದನ್ನು ಕೂತು ಕೇಳಿ ಮೆಚ್ಚಿದರು.

ಹಡ್ಸನ್ ಆಚೆಯ ಕನ್ನಡಿಗ

ತಂತಿನಾದ ಅವರೇ, ತಮ್ಮ ಬರಹವನ್ನು ಆದರದಿಂದ ಓದಿದೆ. ಆದರೂ ಎಂಟಿವಿಯ ಪಕ್ಷವನ್ನು ಯಾರಾದರೂ ವಹಿಸಲೇಬೇಕು. ನಾನು ಹಲವು ವರ್ಷಗಳಿಂದ ನ್ಯೂಜೆರ್ಸಿಯಲ್ಲಿರುವವನು, ಈ ಕಥೆ ನಡೆದದ್ದು ನಮ್ಮ ಕಡೆಯಲ್ಲೇ.

1981ರ ಆಗಸ್ಟ್ 1ರ ಮಧ್ಯರಾತ್ರಿ 12 ಗಂಟೆ 1 ನಿಮಿಷಕ್ಕೆ ಪ್ರಸಾರ ಆರಂಭವಾದಾಗ ಅದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಪ್ರದೇಶದ ಕೇಬಲ್ಲಿನಲ್ಲಿ ಬರುತ್ತಲೇ ಇರಲಿಲ್ಲ. ವಾಹಿನಿಯನ್ನು ಕಟ್ಟಿದವರು ತಮ್ಮದೇ ಕಾರ್ಯಕ್ರಮವನ್ನು ನೋಡಲು ನದಿ ದಾಟಿ ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಉಪಾಹಾರ ಗೃಹವೊಂದಕ್ಕೆ ಬರಬೇಕಾಯಿತು. ಪರದೆಯ ಮೇಲೆ ರಾಕೆಟ್ ಉಡಾವಣೆಯ ಕ್ಷಣಗಣನೆ, ಚಂದ್ರನ ಮೇಲೆ ನೆಟ್ಟ ಬಾವುಟದಲ್ಲಿ ವಾಹಿನಿಯ ಲಾಂಛನ, ಹಿನ್ನೆಲೆಯಲ್ಲಿ ಜಾನ್ ಲ್ಯಾಕ್ ಅವರ ಧ್ವನಿಯಲ್ಲಿ ಒಂದೇ ಸಾಲಿನ ಸ್ವಾಗತ ಮೂಡಿಬಂದವು. ಅದಾದ ಮೇಲೆ ಬಂದ ಮೊದಲ ವಿಡಿಯೊ ಬಗಲ್ಸ್ ಎಂಬ ಇಂಗ್ಲಿಷ್ ತಂಡದ್ದು, ಎರಡನೆಯದು ಪ್ಯಾಟ್ ಬೆನಟರ್ ಅವರದು. ಬಗಲ್ಸ್‌ನ ಹಾಡು ಅಷ್ಟರಲ್ಲಾಗಲೇ ಎರಡು ವರ್ಷ ಹಳೆಯದಾಗಿತ್ತು. ವಿಡಿಯೊ ಬಂದು ರೇಡಿಯೊ ತಾರೆಯನ್ನು ಕೊಂದಿತು ಎಂಬ ಅದರ ಪಲ್ಲವಿಗಾಗಿಯೇ ಅದನ್ನು ಆರಿಸಿದರು.

ಮೊದಲ ದಿನಗಳಲ್ಲಿ ಅವರ ಬಳಿ ಇದ್ದ ವಿಡಿಯೊಗಳು ಬಹಳ ಕಡಿಮೆ. ಬ್ರಿಟನ್ನಿನ ತಂಡಗಳು ಮೊದಲಿನಿಂದಲೂ ಟಿವಿ ಕಾರ್ಯಕ್ರಮಗಳಿಗಾಗಿ ಚಿತ್ರಗಳನ್ನು ಮಾಡಿಕೊಂಡಿದ್ದವು, ಅಮೆರಿಕದ ತಂಡಗಳು ಹೆಚ್ಚಾಗಿ ಮಾಡಿಕೊಂಡಿರಲಿಲ್ಲ. ಈ ಒಂದು ಸಣ್ಣ ವ್ಯತ್ಯಾಸದಿಂದ ಡುರಾನ್ ಡುರಾನ್‌ನಂತಹ ತಂಡಗಳಿಗೆ ಅಮೆರಿಕದ ಸಣ್ಣ ಊರುಗಳಲ್ಲಿಯೂ ಬೇಡಿಕೆ ಹುಟ್ಟಿತು. ರೇಡಿಯೊ ಕೇಂದ್ರಗಳು ಕೈ ಹಾಕದ ಹಾಡುಗಳನ್ನು ಅಂಗಡಿಗೆ ಬಂದು ಕೇಳುವ ಹುಡುಗರು ಹೆಚ್ಚಾದರು. ಒಂದು ಕಲೆ ಕೇಳುಗನನ್ನು ತಲುಪುವ ದಾರಿಯೇ ಹೀಗೆ ಬದಲಾಗುವುದು ಅಪರೂಪ. 1971ರ ಕಛೇರಿ ದೊಡ್ಡ ಮನಸ್ಸಿನ ಕೆಲಸ, ಒಪ್ಪುತ್ತೇನೆ. ಆದರೆ ಅದು ರಾಕ್ ಸಂಗೀತವನ್ನು ಬದಲಾಯಿಸಿತೇ? ಎಂಟಿವಿ ಬದಲಾಯಿಸಿತು.

ಮೃದಂಗದ ಮನೆ

ಹಡ್ಸನ್ ಅವರ ಮಾತಿಗೆ ಒಂದು ಅಗತ್ಯವಾದ ಸೇರ್ಪಡೆ. ಆ ಹೊಸ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಆರಂಭದ ವರ್ಷಗಳಲ್ಲಿ ಎಂಟಿವಿ ಕಪ್ಪು ಕಲಾವಿದರ ವಿಡಿಯೊಗಳನ್ನು ತೋರಿಸಿದ್ದು ತೀರಾ ವಿರಳ. 1983ರಲ್ಲಿ ಸಂದರ್ಶನಕ್ಕೆ ಬಂದ ಡೇವಿಡ್ ಬೋವಿ, ನಿರೂಪಕ ಮಾರ್ಕ್ ಗುಡ್‌ಮನ್ ಅವರನ್ನು ಕ್ಯಾಮೆರಾದ ಎದುರೇ ಈ ವಿಷಯದಲ್ಲಿ ಪ್ರಶ್ನಿಸಿದರು. ಒಬ್ಬ ಬಿಳಿಯ ತಾರೆ, ತನ್ನ ಹಾಡುಗಳ ಪ್ರಚಾರಕ್ಕೆ ಬೇಕಾದ ವಾಹಿನಿಯಲ್ಲಿಯೇ ಕುಳಿತು ಹಾಗೆ ಕೇಳಿದ್ದನ್ನು ನಾನು ಆ ವಾಹಿನಿಯ ಚರಿತ್ರೆಯ ಅತ್ಯಂತ ಗೌರವದ ಗಳಿಗೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದೇ ವರ್ಷ ಮೈಕೆಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್' ಪ್ರಸಾರವಾದ ಮೇಲೆ ಬಾಗಿಲು ಸರಿಯತೊಡಗಿತು.

ಪಬ್ಲಿಕ್ ಎನಿಮಿ ಎಂಬ ರಾಪ್ ತಂಡದ ಚಕ್ ಡಿ ಹುಟ್ಟಿದ್ದೂ ಆಗಸ್ಟ್ 1ರಂದೇ, 1960ರಲ್ಲಿ. ಎಂಟಿವಿ ಆರಂಭವಾದ ದಿನ ಅವರಿಗೆ 21 ತುಂಬಿತ್ತು. ಅವರಂತಹವರ ಸಂಗೀತಕ್ಕೆಂದೇ ಆ ವಾಹಿನಿ ಒಂದು ಕಾರ್ಯಕ್ರಮವನ್ನು ಮೀಸಲಿಡಲು 1988ರವರೆಗೆ ಕಾಯಬೇಕಾಯಿತು.

ಲೆಕ್ಕಪತ್ರ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕಿ, ಆದುದರಿಂದ 1971ರ ಆಗಸ್ಟ್ 1ರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ವೇದಿಕೆಗಿಂತ ಹೆಚ್ಚಾಗಿ ಆಮೇಲಿನ ಹಣದ ಪ್ರಯಾಣ. ಆ ಕಛೇರಿ ರಾಕ್ ಸಂಗೀತವನ್ನು ಬದಲಾಯಿಸಿತೇ ಎಂಬ ಹಡ್ಸನ್ ಅವರ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಎರಡು ಆಟಗಳ ಟಿಕೆಟ್ ಮಾರಾಟದಿಂದ ಬಂದ 2,43,418 ಡಾಲರ್ 50 ಸೆಂಟುಗಳು ಎರಡು ವಾರದೊಳಗೆ ಯುನಿಸೆಫ್‌ಗೆ ಸಂದವು. ರವಿಶಂಕರ್ ಅಂದುಕೊಂಡಿದ್ದಕ್ಕೆ ಇದು ಹತ್ತಿರ ಹತ್ತಿರ ಹತ್ತು ಪಟ್ಟು. ನಿಜವಾದ ದೊಡ್ಡ ಹಣ ಬರಬೇಕಾದದ್ದು ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ. ಕಷ್ಟಗಳು ಆರಂಭವಾದದ್ದು ಅಲ್ಲಿಂದ.

ಮೊದಲ ಕಷ್ಟ ಕಂಪನಿಗಳ ನಡುವಿನದು. ಡಿಲನ್ ಕೊಲಂಬಿಯಾ ಕಂಪನಿಯವರು, ಮುದ್ರಿಕೆ ಹೊರಬರಬೇಕಾದದ್ದು ಬೀಟಲ್ಸ್ ತಂಡದ ಸ್ವಂತ ಕಂಪನಿಯಾದ ಆ್ಯಪಲ್ ಹೆಸರಿನಲ್ಲಿ ಕ್ಯಾಪಿಟಲ್ ಕಂಪನಿಯ ಮೂಲಕ. ಯಾರ ವೆಚ್ಚವನ್ನು ಯಾರು ಭರಿಸಬೇಕು, ಯಾರು ಏನನ್ನು ಮಾರಬಹುದು ಎಂಬ ಚೌಕಾಸಿಯಲ್ಲಿ ತಿಂಗಳುಗಳು ಕಳೆದವು. ತಾಳ್ಮೆ ಕಳೆದುಕೊಂಡ ಹ್ಯಾರಿಸನ್, ಡಿಕ್ ಕ್ಯಾವೆಟ್ ಅವರ ಟಿವಿ ಕಾರ್ಯಕ್ರಮದಲ್ಲಿ ಕುಳಿತು ದೇಶಕ್ಕೆಲ್ಲ ಕೇಳುವಂತೆ ಇದನ್ನು ಆಡಿದರು. ಆಗ ಕ್ಯಾಪಿಟಲ್‌ನ ಮುಖ್ಯಸ್ಥರಾಗಿದ್ದವರು ತಿರುವನಂತಪುರದಲ್ಲಿ ಹುಟ್ಟಿದ, ಭಾರತದ ಗ್ರಾಮಫೋನ್ ಕಂಪನಿಯನ್ನು ನಡೆಸಿ ಬಂದಿದ್ದ ಭಾಸ್ಕರ್ ಮೆನನ್. ಕೊನೆಗೆ ಒಪ್ಪಂದವಾಯಿತು. ಮೂರು ತಟ್ಟೆಗಳ ಪೆಟ್ಟಿಗೆ 1971ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಹೊರಬಂತು. ಅದಕ್ಕೆ ವರ್ಷದ ಅತ್ಯುತ್ತಮ ಮುದ್ರಿಕೆ ಎಂದು 1973ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಅಷ್ಟರಲ್ಲಿ ಯುದ್ಧ ಮುಗಿದು ಹೋಗಿತ್ತು, ಬಾಂಗ್ಲಾದೇಶ ಸ್ವತಂತ್ರವಾಗಿತ್ತು.

ಎರಡನೆಯ ಕಷ್ಟ ಅದಕ್ಕಿಂತ ದೊಡ್ಡದು. ಕಛೇರಿಯನ್ನು ಆತುರದಲ್ಲಿ ಏರ್ಪಡಿಸಿದವರು ಮುಂಚಿತವಾಗಿ ಅದನ್ನು ಯುನಿಸೆಫ್‌ನ ಸಹಾಯಾರ್ಥ ಕಾರ್ಯಕ್ರಮವೆಂದು ನೋಂದಾಯಿಸಿರಲಿಲ್ಲ. ಆ ಕಾರಣದಿಂದ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿಯನ್ನು ನಿರಾಕರಿಸಿತು. ಲಕ್ಷಾಂತರ ಡಾಲರುಗಳು ವರ್ಷಗಟ್ಟಲೆ ಇಲಾಖೆಯ ತಡೆಹಿಡಿದ ಖಾತೆಯಲ್ಲಿ ಕುಳಿತವು. ಬ್ರಿಟನ್ನಿನಲ್ಲಿಯೂ ಸರ್ಕಾರ ಮುದ್ರಿಕೆಯ ಮೇಲಿನ ಮಾರಾಟ ತೆರಿಗೆಯನ್ನು ಬಿಟ್ಟುಕೊಡಲಿಲ್ಲ, ಹ್ಯಾರಿಸನ್ 1973ರಲ್ಲಿ ತಮ್ಮ ಕೈಯಿಂದಲೇ ಹತ್ತು ಲಕ್ಷ ಪೌಂಡುಗಳ ಚೆಕ್ ಬರೆದುಕೊಟ್ಟರು. ಸುಮಾರು 1.2 ಕೋಟಿ ಡಾಲರ್ ಪರಿಹಾರಕ್ಕೆ ಸಂದಾಯವಾಗಲು 1985 ಬರಬೇಕಾಯಿತು. ಶಿಬಿರದಲ್ಲಿ ಹಾಲಿಗಾಗಿ ಕಾದಿದ್ದ ಮಗು ಅಷ್ಟರಲ್ಲಿ ಬೆಳೆದು ದೊಡ್ಡದಾಗಿರುತ್ತದೆ, ಬದುಕಿ ಉಳಿದಿದ್ದರೆ.

ಈ ವಿಳಂಬವನ್ನು ವಂಚನೆ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂಗೀತಗಾರರ ಕೈ ಸ್ವಚ್ಛವಾಗಿತ್ತು. ಇಲ್ಲದಿದ್ದದ್ದು ಒಂದು ಸರಿಯಾದ ಸಂಸ್ಥೆ, ಒಂದು ನೋಂದಣಿ, ಒಂದು ಖಾತೆ. ಸಭೆ ನಡೆಯುವ ಮೊದಲೇ ಆಗಬೇಕಾದ ಈ ನೀರಸ ಕೆಲಸಗಳ ಬೆಲೆ ಎಷ್ಟೆಂಬುದನ್ನು ರಾಕ್ ಜಗತ್ತು ಕಲಿತದ್ದು ಈ ಕಛೇರಿಯಿಂದ. ಇಥಿಯೋಪಿಯಾದ ಬರಪೀಡಿತರಿಗಾಗಿ ನಡೆದ 1985ರ ಜುಲೈ 13ರ ಸಹಾಯಾರ್ಥ ಕಛೇರಿ ಲೈವ್ ಏಡ್‌ನ ಹೊತ್ತಿಗೆ ಬ್ಯಾಂಡ್ ಏಡ್ ಟ್ರಸ್ಟ್ ಆಗಲೇ ಅಸ್ತಿತ್ವದಲ್ಲಿತ್ತು. ಅದಕ್ಕೂ ಮುನ್ನ ಅದೇ ಉದ್ದೇಶಕ್ಕಾಗಿ ಹಲವು ಗಾಯಕರು ಸೇರಿ ಹಾಡಿದ 1984ರ ಬ್ಯಾಂಡ್ ಏಡ್ ಹಾಡಿನ ಮೇಲಿನ ತೆರಿಗೆಯನ್ನು ಬ್ರಿಟಿಷ್ ಸರ್ಕಾರ ಬಿಡಲು ಒಪ್ಪದಿದ್ದಾಗ ಎರಡನ್ನೂ ಸಂಘಟಿಸಿದ ಗಾಯಕ ಬಾಬ್ ಗೆಲ್ಡಾಫ್ ಬಹಿರಂಗವಾಗಿಯೇ ಎದುರಿಸಿ ನಿಂತರು, ಸರ್ಕಾರ ಅಷ್ಟೇ ಮೊತ್ತವನ್ನು ದಾನವಾಗಿ ಹಿಂದಿರುಗಿಸಿತು. ಹ್ಯಾರಿಸನ್ ಜೇಬಿನಿಂದ ಕೊಟ್ಟದ್ದು ಈ ಬಾರಿ ಸರ್ಕಾರದ ಬೊಕ್ಕಸದಿಂದ ಬಂತು.

ಮೃದಂಗದ ಮನೆ

ಲೆಕ್ಕಪತ್ರ ಮೇಡಂ ಅವರ ಬರಹಕ್ಕೆ ಧನ್ಯವಾದಗಳು. ನಾನು ಸಂಗೀತದ ಕಡೆಯಿಂದ ಇನ್ನಷ್ಟು ಹೇಳಬಯಸುತ್ತೇನೆ. ಇದು ರಾಕ್ ಇತಿಹಾಸದ ಮೊದಲ ಸಹಾಯಾರ್ಥ ಕಛೇರಿ ಎಂದು ಅನೇಕರು ಬರೆಯುತ್ತಾರೆ. ಒಳ್ಳೆಯ ಉದ್ದೇಶಕ್ಕೆ ಹಾಡಿ ಹಣ ಕೂಡಿಸುವ ಪದ್ಧತಿ ಬಹಳ ಹಳೆಯದು, ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿಯೂ ಸಹಾಯಾರ್ಥ ಪ್ರದರ್ಶನಗಳು ನಡೆಯುತ್ತಿದ್ದವು. ಈ ಪ್ರಮಾಣದಲ್ಲಿ, ಇಷ್ಟು ದೊಡ್ಡ ಹೆಸರುಗಳನ್ನು ಸೇರಿಸಿ, ಧ್ವನಿಮುದ್ರಿಕೆ ಮತ್ತು ಚಲನಚಿತ್ರಗಳ ಸಮೇತ ಯೋಜಿಸಿದ್ದು ಇದೇ ಮೊದಲು ಎಂದರೆ ಸರಿಯಾದೀತು.

ರವಿಶಂಕರ್ ಅವರ ದೃಷ್ಟಿಯಿಂದ ನೋಡಿದರೆ ಆ ಮಧ್ಯಾಹ್ನಕ್ಕೆ ಬೇರೆಯೇ ಅರ್ಥವಿದೆ. 1967ರ ಮಾಂಟೆರೆ ಉತ್ಸವದಲ್ಲಿ ಉಳಿದವರೆಲ್ಲ ಸಂಭಾವನೆ ಇಲ್ಲದೆ ಹಾಡಿದಾಗ ಅವರು ಮಾತ್ರ ಸಂಭಾವನೆ ಪಡೆದು ನುಡಿಸಿದ್ದರು, ತಮಗೆ ಪ್ರತ್ಯೇಕವಾದ ವೇಳೆಯನ್ನೂ ಕೇಳಿ ಪಡೆದಿದ್ದರು. ಜಿಮಿ ಹೆಂಡ್ರಿಕ್ಸ್ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿ ಹಚ್ಚಿದ್ದು ಅವರ ಮನಸ್ಸನ್ನು ನೋಯಿಸಿತು, ಏಕೆಂದರೆ ವಾದ್ಯಕ್ಕೆ ನಮಸ್ಕರಿಸಿ ಕುಳಿತುಕೊಳ್ಳುವ ಪರಂಪರೆ ಅವರದು. 1969ರ ವುಡ್‌ಸ್ಟಾಕ್‌ನಲ್ಲಿ ಮಳೆ, ಕೆಸರು, ಮಾದಕ ವಸ್ತುಗಳ ನಡುವೆ ನುಡಿಸಿ ಬಂದ ಮೇಲೆ ಅಂತಹ ಉತ್ಸವಗಳ ಸಹವಾಸವೇ ಬೇಡವೆನಿಸಿತ್ತು. ಅಷ್ಟು ಬೇಸರಗೊಂಡಿದ್ದವರು ಎರಡು ವರ್ಷಗಳಲ್ಲಿ ಮತ್ತೆ ರಾಕ್ ಶ್ರೋತೃಗಳ ಎದುರು ಬಂದರು, ಈ ಸಲ ತಮ್ಮ ಷರತ್ತುಗಳ ಮೇಲೆ: ಸಭಾಂಗಣದ ಒಳಗೆ, ಕುರ್ಚಿಗಳಲ್ಲಿ ಕುಳಿತ ಜನರಿಗೆ, ನಾವು ನುಡಿಸುವಾಗ ಧೂಮಪಾನ ಬೇಡ ಎಂದು ವಿನಂತಿಸಿ. ಅವರ ಜೊತೆಗಿದ್ದ ಅಲಿ ಅಕ್ಬರ್ ಖಾನರು ಹುಟ್ಟಿದ್ದು ಕೊಮಿಲ್ಲಾ ಪ್ರದೇಶದ ಶಿಬ್‌ಪುರದಲ್ಲಿ, ಅಂದರೆ ಯಾವ ನೆಲಕ್ಕಾಗಿ ಆ ಸಭೆ ಸೇರಿತ್ತೋ ಅದೇ ನೆಲದಲ್ಲಿ. ಸಂತ್ರಸ್ತರ ಪರವಾಗಿ ಬೇರೆಯವರು ಹಾಡಿದ ಕಛೇರಿಗಳು ಆಮೇಲೆ ಹಲವು ಬಂದಿವೆ, ಸಂತ್ರಸ್ತರ ನಾಡಿನಲ್ಲಿ ಹುಟ್ಟಿದವರೇ ಮೊದಲು ನುಡಿಸಿದ ಸಭೆ ವಿರಳ. ಲೈವ್ ಏಡ್‌ನಲ್ಲಿ ಆಫ್ರಿಕಾದ ಕಲಾವಿದರು ಎಷ್ಟು ಕಡಿಮೆ ಇದ್ದರೆಂದು ಆಗಲೇ ಟೀಕೆ ಬಂದದ್ದನ್ನು ನೆನೆದರೆ ಈ ವ್ಯತ್ಯಾಸ ತಿಳಿಯುತ್ತದೆ.

ಅಲಿ ಅಕ್ಬರ್ ಖಾನರ ಸರೋದ್ ಕನ್ನಡಿಗರಿಗೆ ಅಪರಿಚಿತವಲ್ಲ ಎಂಬುದನ್ನೂ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದು, ಖಾನರ ಶಿಷ್ಯತ್ವಕ್ಕಾಗಿ ಬದುಕಿನ ದಿಕ್ಕನ್ನೇ ಬದಲಿಸಿಕೊಂಡ ಪಂಡಿತ್ ರಾಜೀವ ತಾರಾನಾಥರ ಕೈಯಲ್ಲಿ ಅದೇ ಮೈಹರ್ ಪರಂಪರೆಯ ಬಾಜ್ (ನುಡಿಸುವ ಶೈಲಿ) ಮೈಸೂರಿಗೆ ಬಂತು. 2024ರ ಜೂನ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ನಮ್ಮಲ್ಲಿ ಹಲವರು ಅವರನ್ನು ಎದುರು ಕುಳಿತು ಕೇಳಿದ್ದೇವೆ. ಮ್ಯಾಡಿಸನ್ ಸ್ಕ್ವೇರ್‌ನ ಆ ಮುದ್ರಿಕೆಯಲ್ಲಿ ಸರೋದ್ ಮಾತನಾಡುವ ರೀತಿಯನ್ನು ಕೇಳುವಾಗ ನನಗೆ ಆ ವಂಶದ ಗುರುತು ಸಿಗುತ್ತದೆ.

ಒಂಬತ್ತು ದಿನ

ಈ ತಾರೀಖಿನ ಚರ್ಚೆಯಲ್ಲಿ ಜೆರ್ರಿ ಗಾರ್ಸಿಯಾ ಅವರ ಹೆಸರು ಇನ್ನೂ ಬಂದಿಲ್ಲ. ಗ್ರೇಟ್‌ಫುಲ್ ಡೆಡ್ ತಂಡದ ಗಿಟಾರ್ ವಾದಕ ಹುಟ್ಟಿದ್ದು 1942ರ ಆಗಸ್ಟ್ 1ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತೀರಿಕೊಂಡದ್ದು 1995ರ ಆಗಸ್ಟ್ 9ರಂದು. ಈ ಎರಡು ತಾರೀಖುಗಳ ನಡುವಿನ ದಿನಗಳನ್ನು ಅವರ ಅಭಿಮಾನಿಗಳು ಪ್ರತಿ ವರ್ಷ ಹಳೆಯ ಕಛೇರಿಗಳ ಮುದ್ರಣಗಳನ್ನು ಕೇಳುತ್ತ ಆಚರಿಸುತ್ತಾರೆ. ಹಾಗೆ ಕೇಳಲು ಮುದ್ರಣಗಳಿರುವುದು ಏಕೆಂದರೆ, ಶ್ರೋತೃಗಳು ಕಛೇರಿಯನ್ನು ಟೇಪ್ ಮಾಡಿಕೊಳ್ಳುವುದನ್ನು ಬೇರೆ ತಂಡಗಳು ತಡೆಯುತ್ತಿದ್ದಾಗ ಈ ತಂಡ ಬಿಟ್ಟುಕೊಟ್ಟಿತು. 1984ರಿಂದ ಟೇಪ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಗೊತ್ತುಮಾಡಿತು. ನಾಲ್ಕು ವರ್ಷದ ಹುಡುಗನಾಗಿದ್ದಾಗ ಸೌದೆ ಒಡೆಯುವಾಗ ಆದ ಅಪಘಾತದಲ್ಲಿ ಗಾರ್ಸಿಯಾ ಬಲಗೈಯ ನಡುಬೆರಳಿನ ಬಹುಭಾಗವನ್ನು ಕಳೆದುಕೊಂಡಿದ್ದರು. ಆ ಕೈಯಿಂದಲೇ ಬ್ಯಾಂಜೊ, ಗಿಟಾರ್ ಎರಡನ್ನೂ ಸಾಧಿಸಿದರು.

ಗಾರ್ಸಿಯಾ ಅವರಿಗೂ 1971ರ ವೇದಿಕೆಗೂ ನಡುವೆ ನಿಜವಾದ ಕೊಂಡಿ ಒಂದಿದೆ. ಅವರ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್, ಅಲ್ಲಾ ರಖಾ ಅವರಲ್ಲಿ ತಾಳದ ಪಾಠ ಕಲಿತವರು. ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನ್, ಅಲಿ ಅಕ್ಬರ್ ಖಾನರು ಕ್ಯಾಲಿಫೋರ್ನಿಯಾದಲ್ಲಿ ತೆರೆದ ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹಾರ್ಟ್ ಮತ್ತು ಜಾಕಿರ್ ಕೂಡಿ ಕಟ್ಟಿದ ದಿಗ ರಿದಮ್ ಬ್ಯಾಂಡ್‌ನ 1976ರ ಮುದ್ರಿಕೆಯಲ್ಲಿ ಗಾರ್ಸಿಯಾ ಅತಿಥಿಯಾಗಿ ಗಿಟಾರ್ ನುಡಿಸಿದ್ದಾರೆ. ಅದರಲ್ಲಿಯ ಒಂದು ತಾಳಪ್ರಧಾನ ರಚನೆಯೇ ಮುಂದೆ ಬೆಳೆದು ಗ್ರೇಟ್‌ಫುಲ್ ಡೆಡ್ ತಂಡದ ಜನಪ್ರಿಯ ಹಾಡು 'ಫೈರ್ ಆನ್ ದ ಮೌಂಟನ್' ಆಯಿತು. ಹಾರ್ಟ್, ಜಾಕಿರ್ ಮತ್ತು ಘಟದ ವಿಕ್ಕು ವಿನಾಯಕರಾಮ್ ಇದ್ದ 'ಪ್ಲ್ಯಾನೆಟ್ ಡ್ರಮ್' ಮುದ್ರಿಕೆಗೆ ವಿಶ್ವ ಸಂಗೀತದ ಮೊದಲ ಗ್ರ್ಯಾಮಿ ಬಂತು. ಆದುದರಿಂದ ಆ ಮಧ್ಯಾಹ್ನದ ತಬಲಾ ರಾಕ್ ಸಂಗೀತದ ಒಳಗೆ ಏನನ್ನೂ ಬಿಡಲಿಲ್ಲ ಎನ್ನುವಂತಿಲ್ಲ. ಸಿತಾರ್ ರಾಕ್ ಹಾಡುಗಳಲ್ಲಿ ಒಂದು ಬಣ್ಣವಾಗಿ ಬಂದು ಹೋಯಿತು. ತಬಲಾದ ಲೆಕ್ಕಾಚಾರ ಮಾತ್ರ ಗುರುಶಿಷ್ಯ ಮಾರ್ಗದಲ್ಲಿ ಬಂದು ನೆಲೆ ನಿಂತಿತು.

ಅರಮನೆ ಮೈದಾನ

1994ರ ಆಗಸ್ಟ್ 1ರಂದು ರೋಲಿಂಗ್ ಸ್ಟೋನ್ಸ್ ತಂಡ ವಾಷಿಂಗ್ಟನ್‌ನಲ್ಲಿ ವೂಡೂ ಲೌಂಜ್ ಪ್ರವಾಸವನ್ನು ಆರಂಭಿಸಿತು. ಬಿಲ್ ವೈಮನ್ ತಂಡ ಬಿಟ್ಟ ಮೇಲೆ ಬೇಸ್ ಗಿಟಾರ್‌ಗೆ ಬಂದ ಡ್ಯಾರಿಲ್ ಜೋನ್ಸ್ ಅವರಿಗೆ ಅದು ತಂಡದೊಡನೆ ಮೊದಲ ಪ್ರವಾಸ. ಅದೇ ಜೋನ್ಸ್ ಅವರನ್ನು ನಾವು 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸ್ಟೋನ್ಸ್ ಜೊತೆಯಲ್ಲಿ ಕೇಳಿದೆವು.

ಎಂಟಿವಿಯ ವಿಷಯದಲ್ಲಿ ನಮ್ಮ ಕಡೆಯ ಅನುಭವವನ್ನು ಹೇಳದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ. 1991ರಲ್ಲಿ ಸ್ಟಾರ್ ಟಿವಿಯ ಉಪಗ್ರಹ ವಾಹಿನಿಗಳ ಜೊತೆ ಅದರ ಏಷ್ಯಾ ಆವೃತ್ತಿ ಭಾರತಕ್ಕೆ ಬಂದಾಗ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಮಹಡಿಯ ಡಿಶ್ಶಿನಿಂದ ಮರ, ಕಂಬ, ಕಾಂಪೌಂಡುಗಳ ಮೇಲೆ ಹಾದು ಮನೆ ಮನೆಗೂ ಕೇಬಲ್ ತಲುಪಿತು. ಅದಕ್ಕೂ ಮೊದಲು ರಾಕ್ ಕೇಳಬೇಕಾದರೆ ವಿದೇಶದಿಂದ ಬಂದವರ ಎಲ್‌ಪಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕಾಗಿತ್ತು, ವಾದಕನ ಬೆರಳು ತಂತಿಯ ಮೇಲೆ ಎಲ್ಲಿ ಕೂರುತ್ತದೆಂದು ಕೇಳಿಯೇ ಊಹಿಸಬೇಕಾಗಿತ್ತು. ಪರದೆಯ ಮೇಲೆ ಆ ಬೆರಳುಗಳನ್ನು ನೋಡಲು ಸಿಕ್ಕಿದ್ದು ನಮ್ಮ ನಗರದ ತಂಡಗಳ ಹುಡುಗರಿಗೆ ದೊಡ್ಡ ಪಾಠವಾಯಿತು. ಆ ಭಾಗ್ಯ ಹೆಚ್ಚು ದಿನ ಉಳಿಯಲಿಲ್ಲ: 1994ರಲ್ಲಿ ಎಂಟಿವಿ ಸ್ಟಾರ್‌ನಿಂದ ಬೇರೆಯಾಯಿತು, 1996ರಲ್ಲಿ ಭಾರತದ ಆವೃತ್ತಿಯಾಗಿ ಮರಳಿದಾಗ ಅದರಲ್ಲಿ ಹಿಂದಿ ಚಿತ್ರಗೀತೆಗಳೇ ಮೇಲುಗೈ ಪಡೆದವು. ಯುರೋಪಿನ ಎಂಟಿವಿ ಆರಂಭವಾದದ್ದೂ ಆಗಸ್ಟ್ 1ರಂದೇ, 1987ರಲ್ಲಿ. ಅಲ್ಲಿ ಮೊದಲು ಬಂದ ಹಾಡು ಡೈರ್ ಸ್ಟ್ರೇಟ್ಸ್‌ನ 'ಮನಿ ಫಾರ್ ನಥಿಂಗ್'.

ತಂತಿನಾದ

ಎಲ್ಲರ ಬರಹಗಳಿಂದ ವಿಷಯ ತುಂಬ ಬೆಳೆದಿದೆ. ಹಡ್ಸನ್ ಅವರ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸುತ್ತೇನೆ.

ಎಂಟಿವಿ ಸಂಗೀತವನ್ನು ಮಾರುವ, ತಲುಪಿಸುವ ಕ್ರಮವನ್ನು ಬದಲಾಯಿಸಿತು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಕ್ರಮ ಮುಂದಿನ ಕ್ರಮಕ್ಕೆ ಜಾಗ ಬಿಟ್ಟುಕೊಟ್ಟಿತು. ಇಂದು ಯಾರೂ ಹಾಡಿನ ವಿಡಿಯೊ ನೋಡಲು ಆ ವಾಹಿನಿಗಾಗಿ ಕಾದು ಕೂರುವುದಿಲ್ಲ. 1971ರಲ್ಲಿ ಸ್ಥಾಪಿತವಾದದ್ದು ಇನ್ನೂ ನಡೆಯುತ್ತಿದೆ. ಭೂಕಂಪವೋ ಪ್ರವಾಹವೋ ಯುದ್ಧವೋ ಬಂದಾಗ ಗಾಯಕರು ಒಟ್ಟಾಗಬೇಕು ಎಂಬ ನಿರೀಕ್ಷೆ ಜನರಲ್ಲಿ ಬೇರೂರಿದೆ. ಅಂದು ಅಮೆರಿಕದ ಸರ್ಕಾರ ಪಾಕಿಸ್ತಾನದ ಪರವಾಗಿತ್ತು, ಬಾಂಗ್ಲಾದೇಶವೆಂಬ ರಾಷ್ಟ್ರವನ್ನು ಯಾವ ದೊಡ್ಡ ದೇಶವೂ ಇನ್ನೂ ಮಾನ್ಯ ಮಾಡಿರಲಿಲ್ಲ. ಅಂತಹ ಹೊತ್ತಿನಲ್ಲಿ ಆ ಹೆಸರನ್ನೇ ಕಛೇರಿಗೆ ಇಟ್ಟು, ಜುಲೈ ಕೊನೆಯಲ್ಲಿ ಅದೇ ಹೆಸರಿನ ಹಾಡನ್ನೂ ಹೊರತಂದು, ಅಮೆರಿಕದ ದೊಡ್ಡ ನಗರದ ಮಧ್ಯದಲ್ಲಿ ನಿಂತು ಹಾಡಿದ್ದಕ್ಕೆ ಧೈರ್ಯ ಬೇಕಿತ್ತು. ಒಂದೇ ದಿನದಲ್ಲಿ ಜಗತ್ತಿಗೆ ಆ ಹೆಸರು ತಿಳಿಯಿತು ಎಂದು ರವಿಶಂಕರ್ ಮುಂದೆ ಹಲವು ಬಾರಿ ಹೇಳಿದರು. ಲೆಕ್ಕಪತ್ರ ಅವರು ತೋರಿಸಿದ ಹಣದ ವಿಳಂಬವನ್ನು ಪೂರ್ತಿ ಒಪ್ಪಿಕೊಂಡೂ, ಈ ಲಾಭವನ್ನು ನಾನು ಆ ಖಾತೆಯಲ್ಲಿ ಸೇರಿಸುತ್ತೇನೆ.

ಹಡ್ಸನ್ ಆಚೆಯ ಕನ್ನಡಿಗ

ತಾವು ಹೇಳಿದ ನಿರೀಕ್ಷೆಯ ಮಾತನ್ನು ಒಪ್ಪುತ್ತೇನೆ. ಹಾಗಿದ್ದರೂ 1985ರ ಲೈವ್ ಏಡ್ ಅಷ್ಟು ದೊಡ್ಡದಾದದ್ದು ಲಂಡನ್ ಮತ್ತು ಫಿಲಡೆಲ್ಫಿಯಾದ ವೇದಿಕೆಗಳನ್ನು ಉಪಗ್ರಹದ ಮೂಲಕ ಮನೆಗಳಿಗೆ ತಲುಪಿಸಿದ ಟಿವಿಯಿಂದ. ಅಮೆರಿಕದಲ್ಲಿ ಅದನ್ನು ದಿನವಿಡೀ ತೋರಿಸಿದವರಲ್ಲಿ ಎಂಟಿವಿಯೂ ಸೇರಿತ್ತು. ಹಾಡಿನ ನಡುವೆ ನಿರೂಪಕರ ಮುಖಗಳನ್ನು ತೋರಿಸಿದ್ದಕ್ಕೆ ಜನ ಸಿಟ್ಟಾದದ್ದೂ ನಿಜ. ಅಂದರೆ ಒಂದು ಆಗಸ್ಟ್ 1 ಉದ್ದೇಶವನ್ನು ಕೊಟ್ಟಿತು, ಇನ್ನೊಂದು ಆಗಸ್ಟ್ 1 ಸಾಧನವನ್ನು ಕೊಟ್ಟಿತು. ಎರಡನ್ನೂ ಬೇರ್ಪಡಿಸಿ ತೂಗಲು ನನಗೆ ಮನಸ್ಸು ಬರುತ್ತಿಲ್ಲ.

ಹೊಸ ಕೇಳುಗ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಪದವಿ ಓದುತ್ತಿರುವವನು, ಈ ಕಛೇರಿಯ ಬಗ್ಗೆ ಕೇಳಿದ್ದು ಇದೇ ಮೊದಲು. ಉಳಿದ ಇಬ್ಬರು ಬೀಟಲ್ಸ್ ಏಕೆ ಬರಲಿಲ್ಲ? ಮತ್ತು ಮುದ್ರಿಕೆಯನ್ನು ಎಲ್ಲಿಂದ ಕೇಳಲು ಆರಂಭಿಸಬೇಕು ಎಂದು ದಯವಿಟ್ಟು ತಿಳಿಸಿ.

ತಂತಿನಾದ

ಪಾಲ್ ಮೆಕಾರ್ಟ್ನಿ ಬರಲೊಪ್ಪದಿದ್ದದ್ದು ತಂಡದ ವಿಸರ್ಜನೆಯ ವ್ಯಾಜ್ಯ ಇನ್ನೂ ನಡೆಯುತ್ತಿದ್ದ ಕಾರಣ. ಲೆನನ್ ಅವರಿಗೂ ಆಹ್ವಾನ ಹೋಗಿತ್ತು, ಅವರೂ ಕೊನೆಗೆ ಬರಲಿಲ್ಲ. ಅವರಿಬ್ಬರೂ ಬಂದಿದ್ದರೆ ಮರುದಿನದ ಪತ್ರಿಕೆಗಳು ಬೀಟಲ್ಸ್ ಮತ್ತೆ ಒಂದಾದದ್ದನ್ನಷ್ಟೇ ಬರೆಯುತ್ತಿದ್ದವು, ನಿರಾಶ್ರಿತರ ಸುದ್ದಿ ಒಳಪುಟಕ್ಕೆ ಸರಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಕೇಳುವ ವಿಷಯದಲ್ಲಿ ನನ್ನ ಸಲಹೆ ಒಂದೇ: ಮೊದಲ ಭಾಗವನ್ನು ಹಾರಿಸಿ ಡಿಲನ್ ಅವರತ್ತ ಹೋಗಬೇಡಿ. 'ಬಾಂಗ್ಲಾ ಧುನ್' ನಿಧಾನವಾಗಿ ಆರಂಭವಾಗುತ್ತದೆ. ಸಿತಾರ್ ಒಂದು ಮಾತನ್ನು ಹೇಳಿದರೆ ಸರೋದ್ ಅದನ್ನು ಕೆಳಗಿನ ಸ್ವರಗಳಲ್ಲಿ ತನ್ನದೇ ರೀತಿಯಲ್ಲಿ ತಿರುಗಿಸಿ ಹೇಳುತ್ತದೆ, ಮುಂದೆ ವೇಗ ಹೆಚ್ಚಿ ಸವಾಲ್ ಜವಾಬ್‌ನ ಹೊತ್ತಿಗೆ ಅಲ್ಲಾ ರಖಾ ಅವರ ತಬಲಾ ಇಬ್ಬರಿಗೂ ಉತ್ತರ ಕೊಡುತ್ತದೆ. ಅದಾದ ಮೇಲೆ ಹ್ಯಾರಿಸನ್ ತಂಡದ ದೊಡ್ಡ ಸದ್ದು ಬಂದಾಗ ಅದರ ಭಾರವೇ ಬೇರೆಯಾಗಿ ಕೇಳುತ್ತದೆ. ಬಿಲ್ಲಿ ಪ್ರೆಸ್ಟನ್ ಆರ್ಗನ್ ಬಿಟ್ಟು ಎದ್ದು ಕುಣಿಯುವ ದೃಶ್ಯಕ್ಕಾಗಿ ಚಲನಚಿತ್ರವನ್ನೂ ನೋಡಿ. ಹ್ಯಾರಿಸನ್ ಮತ್ತು ಬ್ಯಾಡ್‌ಫಿಂಗರ್‌ನ ಪೀಟ್ ಹ್ಯಾಮ್ ಇಬ್ಬರೇ ಎರಡು ಅಕೂಸ್ಟಿಕ್ ಗಿಟಾರುಗಳಲ್ಲಿ 'ಹಿಯರ್ ಕಮ್ಸ್ ದ ಸನ್' ನುಡಿಸುವ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಲೆಕ್ಕಪತ್ರ

ಹೊಸ ಕೇಳುಗರಿಗೆ ಇನ್ನೊಂದು ವಿಷಯ. ಸಾಧ್ಯವಾದರೆ ಅದನ್ನು ಹಣ ಕೊಟ್ಟು ಕೊಂಡುಕೊಳ್ಳಿ. 2005ರಲ್ಲಿ ಮುದ್ರಿಕೆ ಮತ್ತು ಚಿತ್ರ ಮತ್ತೆ ಬಿಡುಗಡೆಯಾದಾಗ ಯುನಿಸೆಫ್‌ಗಾಗಿ ಜಾರ್ಜ್ ಹ್ಯಾರಿಸನ್ ನಿಧಿಯನ್ನು ಸ್ಥಾಪಿಸಲಾಯಿತು, ಅವುಗಳ ಮಾರಾಟದಿಂದ ಬರುವ ಹಣ ಮಕ್ಕಳ ನೆರವಿಗಾಗಿ ಆ ನಿಧಿಗೆ ಸೇರುತ್ತದೆ. ಈ ಸಲ ನೋಂದಣಿಯನ್ನು ಮೊದಲೇ ಮಾಡಿದ್ದಾರೆ.